ಜ್ವಾಳದ ಗರಿ ಬಡಿದ ಕಣ್ಣು

ಹೋದ ವರ್ಷ ಅಕ್ಟೋಬರ್, ಹಾವೇರಿ ಕಡೆ ನಮ್ಮೂರಲ್ಲಿ ಮುಂಗಾರಿ ಹೈಬ್ರಿಡ್ ಜ್ವಾಳ ಕೊಯ್ಯೋ ಟೈಮು. ಅವ್ವ ಕಣಿಕಿ ಸೂಡು ಕಟ್ಟಿ ತಲೆ ಮೇಲೆ ಎತ್ಕೊಳ್ಳುವಾಗ ಒಂದು ಗರಿ ಬಂದು ಬಲಗಣ್ಣಿಗೆ ಬಡೀತು. ಜ್ವಾಳದ ಗರಿ ಅಂಚು ಹೆಂಗಿರುತ್ತೆ ಅಂತ ಹೊಲದಾಗ ದುಡಿದವರಿಗೆ ಗೊತ್ತು, ಕೈ ಮೇಲೆ ಸುಮ್ನೆ ಎಳೆದ್ರೂ ಬ್ಲೇಡಿನ ಗೆರೆ ಬಿದ್ದಂಗೆ ಆಗುತ್ತೆ. ಅವ್ವ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಬಿಸಿಗಾಳಿ ಊದಿ ಕಣ್ಣಿಗೆ ಒತ್ಕೊಂಡು, ಮತ್ತೆ ಕೆಲಸಕ್ಕೆ ಹತ್ತಿದ್ಲು.

ಮರುದಿನ ಕಣ್ಣಲ್ಲಿ ಉಸುಕು ಬಿದ್ದಂಗೆ ಚುಚ್ಚೋದು, ನೀರು ಸೋರೋದು. ನಂದಿಬಟ್ಟಲ ಹೂವಿನ ರಸ ಆಯ್ತು. ಮೂರನೇ ದಿನ ತಮ್ಮ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣು ಕೆಂಪಾಗೇತ್ರಿ" ಅಂದಿದ್ದಕ್ಕೆ ಒಂದು ಡ್ರಾಪ್ಸ್ ಕೊಟ್ರು. ಎರಡು ದಿನ ಕೆಂಪು ನಿಜವಾಗ್ಲೂ ಇಳೀತು, ಫೋನಲ್ಲಿ ಅವ್ವನೇ "ಆರಾಮಾತವಾ, ನೀ ಬರಾಕ ಹೋಗಬ್ಯಾಡ" ಅಂದ್ಲು, ನಾನೂ ಬೆಂಗಳೂರಲ್ಲಿ ಆಫೀಸ್ ಕೆಲಸದಲ್ಲಿ ಮುಳುಗಿದ್ದೆ, ನಂಬಿದೆ. ಒಂಬತ್ತನೇ ದಿನ ವಿಡಿಯೋ ಕಾಲ್ ಮಾಡಿದಾಗ ಕಪ್ಪುಗುಡ್ಡೆ ಮೇಲೆ ಅಕ್ಕಿನುಚ್ಚಿನಷ್ಟು ಬೆಳ್ಳಗೆ ಕಾಣಿಸ್ತು. ಒಳ್ಳೆ ಕಣ್ಣು ಮುಚ್ಕೊಂಡು ಗೋಡೆ ಕ್ಯಾಲೆಂಡರ್ ನೋಡವ್ವ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಗ್ವಾಡಿ ಕಾಣತೈತಿ" ಅಂದ್ಲು. ಅವತ್ತೇ ರಾತ್ರಿ ಬಸ್ ಹತ್ತಿದೆ.

ಮರುದಿನ ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆ. ಡಾಕ್ಟರ್ ಮೇಡಂ ಸ್ಲಿಟ್ ಲ್ಯಾಂಪಲ್ಲಿ, ಅಂದ್ರೆ ಕಣ್ಣನ್ನ ದೊಡ್ಡದಾಗಿ ತೋರಿಸೋ ಮಷೀನಲ್ಲಿ, ಬಹಳ ಹೊತ್ತು ನೋಡಿದ್ರು. ಹುಣ್ಣಿನ ಅಂಚು ಹಕ್ಕಿಪುಕ್ಕದ ಥರ ಎಳೆ ಎಳೆಯಾಗಿದೆ, ಮಧ್ಯದಲ್ಲಿ ಕಂದು ಬಣ್ಣ ಇದೆ, ಕಪ್ಪುಗುಡ್ಡೆ ಮೇಲಿನ ಗಾಜಿನಂಥ ಪದರದ ಹಿಂದೆ ಕೆಳಗಡೆ ತೆಳ್ಳಗೆ ಕೀವು ನಿಂತಿದೆ ಅಂದ್ರು. "ಏನು ಬಡದಿತ್ತ್ರೀ ಅಮ್ಮಾ?" ಅಂತ ಕೇಳಿ, ಜ್ವಾಳದ ಗರಿ ಅಂದ ತಕ್ಷಣ ತಲೆ ಆಡಿಸಿ, ಇದು ಫಂಗಸ್, ಅಂದ್ರೆ ಬೂಸರು ತಗುಲಿದ ಹುಣ್ಣು ಇರಬೇಕು, ಹಳೆ ಡ್ರಾಪ್ಸ್ ಕೊಡಿ ಅಂದ್ರು. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿದ್ರು, ಅದರಲ್ಲಿ ಡೆಕ್ಸಾಮೆಥಾಸೋನ್ ಇತ್ತು, ಅಂದ್ರೆ ಸ್ಟೀರಾಯ್ಡ್. ಗಾಯ ಆದಾಗ ಕಣ್ಣು ಕೆಂಪಾಗೋದು ನಮ್ಮ ಮೈಯೇ ರೋಗದ ಜೊತೆ ಕಾದಾಡ್ತಿರೋದ್ರಿಂದ, ಸ್ಟೀರಾಯ್ಡ್ ಆ ಕಾದಾಟವನ್ನೇ ನಿಲ್ಲಿಸುತ್ತೆ, ಕೆಂಪು ಇಳಿಯುತ್ತೆ, ಒಳಗೆ ಫಂಗಸ್ ಮಾತ್ರ ಆರಾಮಾಗಿ ಬೆಳೀತಾ ಹೋಗುತ್ತೆ. ಆ ಎರಡು ದಿನ ಆರಾಮ ಅನಿಸಿದ್ದು ಯಾಕೆ ಅಂತ ನಂಗೆ ಆಗ ಗೊತ್ತಾಯ್ತು, ಹೊಟ್ಟೆಯಲ್ಲಿ ಸಂಕಟ ಆಯ್ತು. ದಯವಿಟ್ಟು ಕೇಳ್ಕೊಳ್ತೀನಿ, ಕಡ್ಡಿ, ಗರಿ, ಹೊಟ್ಟು ಏನೇ ಕಣ್ಣಿಗೆ ಬಡಿದ್ರೂ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕ್ಬೇಡಿ.

ಆದ್ರೂ ಮೇಡಂ ನೋಡಿದಷ್ಟಕ್ಕೇ ಔಷಧ ಬರೀಲಿಲ್ಲ. ಬ್ಯಾಕ್ಟೀರಿಯಾ ಹುಣ್ಣೂ ಕೆಲವು ಸಲ ಹೀಗೇ ಕಾಣುತ್ತೆ, ಪೈಥಿಯಂ ಅಂತ ಇನ್ನೊಂದಿದೆ, ನೋಡೋಕೆ ಥೇಟ್ ಫಂಗಸ್ ಥರಾನೇ ಆದ್ರೆ ಫಂಗಸ್ಸೇ ಅಲ್ಲ, ಫಂಗಸ್ ಔಷಧಕ್ಕೆ ಸರಿಯಾಗಿ ಬಗ್ಗಲ್ಲ, ಹಂಗಾಗಿ ಕೆರೆದು ನೋಡ್ಲೇಬೇಕು ಅಂದ್ರು. ಮರಗಟ್ಟೋ ಡ್ರಾಪ್ಸ್ ಹಾಕಿ ಸಣ್ಣ ಬ್ಲೇಡಿಂದ ಹುಣ್ಣು ಕೆರೆದ್ರು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ಲು, ಕಣ್ಣು ಮಾತ್ರ ಅಲ್ಲಾಡಿಸಲಿಲ್ಲ. ಸ್ವಲ್ಪ ಸ್ಲೈಡ್ ಮೇಲೆ, ಸ್ವಲ್ಪ ರೋಗಾಣು ಬೆಳೆಸಿ ನೋಡೋ ಕಲ್ಚರ್ ಪ್ಲೇಟ್ ಮೇಲೆ. ಸ್ಲೈಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದ್ರೆ ಕಣ್ಣಿನ ಜೀವಕೋಶ ಎಲ್ಲ ಕರಗಿದಂಗೆ ಆಗಿ ಫಂಗಸ್ ಎಳೆ ಮಾತ್ರ ಉಳಿಯುತ್ತಂತೆ. ಲ್ಯಾಬಿನ ಹುಡುಗ "ನೋಡ್ತೀರೇನ್ರಿ ಅಕ್ಕಾ" ಅಂದ, ನೋಡಿದೆ. ಉದ್ದುದ್ದ ಎಳೆ, ಅಲ್ಲಲ್ಲಿ ಕವಲು, ನಡುನಡುವೆ ಅಡ್ಡಗೆರೆ, ಥೇಟ್ ಜ್ವಾಳದ ದಂಟಿನ ಗಣ್ಣು ಇದ್ದಂಗೆ. ಅದು ನಮ್ಮವ್ವನ ಕಣ್ಣಿಂದ ಬಂದಿದ್ದು ಅಂತ ನೆನೆಸ್ಕೊಂಡು ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ಟೆ.

ಔಷಧ ನಾಟಾಮೈಸಿನ್ 5 ಪರ್ಸೆಂಟ್, ಹಾಲಿನಂಥ ಬಿಳಿ ಡ್ರಾಪ್ಸ್, ತಳಕ್ಕೆ ಇಳಿಯುತ್ತೆ ಹಂಗಾಗಿ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿಯೇ ಹಾಕ್ಬೇಕು. ತಮ್ಮ "ಇನ್ನೂ ದುಬಾರಿ ಔಷಧ ಇದ್ರೂ ಬರೀರಿ ಮೇಡಂ, ರೊಕ್ಕದ ಚಿಂತಿ ಇಲ್ಲ" ಅಂದ. ವೋರಿಕೊನಜೋಲ್ ಅಂತ ಹೊಸದಿದೆ, ಆದ್ರೆ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ 323 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿ 2013ರಲ್ಲಿ ರಿಸಲ್ಟ್ ಬಂತು, ಹಳೇ ನಾಟಾಮೈಸಿನ್ನೇ ಗೆದ್ದಿದ್ದು, ಅದರಲ್ಲೂ ಫ್ಯುಸೇರಿಯಂ ಅನ್ನೋ ಫಂಗಸ್ಸಿಗೆ ಬಹಳ ವ್ಯತ್ಯಾಸ ಇತ್ತು, ಇದು ಯಾವುದು ಅಂತ ನಮಗಿನ್ನೂ ಗೊತ್ತಿಲ್ಲ ಅಲ್ಲಾ ಅಂತ ಸಮಾಧಾನವಾಗಿ ತಿಳಿಸಿ ಹೇಳಿದ್ರು.

ಮೊದಲ ಎರಡು ದಿನ ಹಗಲೂ ರಾತ್ರಿ ತಾಸಿಗೊಂದು ಹನಿ. ನಾನೂ ತಮ್ಮನೂ ಪಾಳಿ ಹಾಕ್ಕೊಂಡ್ವಿ, ಅವನು ರಾತ್ರಿ 2 ಗಂಟೆವರೆಗೆ, ಆಮೇಲೆ ನಾನು. ಮೊಬೈಲ್ ಅಲಾರಂ ಹೊಡೆಯೋದ್ರೊಳಗೆ ಅವ್ವ ನಿದ್ದೆಗಣ್ಣಲ್ಲೇ ಮುಖ ಮ್ಯಾಲೆ ಮಾಡಿರ್ತಿದ್ಲು. ಬಿಳಿ ಔಷಧ ರೆಪ್ಪೆ ಮೇಲೆ ಒಣಗಿ ಸುಣ್ಣ ಹಚ್ಚಿದಂಗೆ ಆಗೋದು, ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸ್ತಿದ್ದೆ. ಆಮೇಲೆ ಎಚ್ಚರ ಇರೋಷ್ಟು ಹೊತ್ತು ಮಾತ್ರ. ಈ ಔಷಧ ಆಳಕ್ಕೆ ಇಳಿಯಲ್ಲ ಅಂತ ಮೂರು ದಿನಕ್ಕೊಮ್ಮೆ ಹೋಗಿ ಮೇಲ್ಪದರ ಕೆರೆಸ್ಕೊಂಡು ಬರಬೇಕಿತ್ತು.

ವಾರದ ಮೇಲೆ ಕಲ್ಚರ್ ರಿಪೋರ್ಟ್ ಬಂತು, ಕರ್ವುಲೇರಿಯಾ ಅನ್ನೋ ಫಂಗಸ್. ಪ್ಲೇಟ್ ಮೇಲೆ ಮಖಮಲ್ ಥರ ಕಪ್ಪಗೆ ಬೆಳೆದಿತ್ತು, ಬೀಜಾಣು ಬಾಗಿರುತ್ತೆ ಅಂತಾನೇ ಆ ಹೆಸರಂತೆ. ಎಲ್ಲರಿಗೂ ಬರೋದಲ್ಲ, ಆದ್ರೆ ಬೇರೆ ಕೆಲವಕ್ಕಿಂತ ಔಷಧಕ್ಕೆ ಚೆನ್ನಾಗಿ ಬಗ್ಗುತ್ತೆ ಅಂತ ಮೇಡಂ ಮೊದಲ ಸಲ ನಕ್ಕರು. ಇದು ಹೊಲದಾಗೂ ಇರೋದೇ, ಕಾಳು ಕಟ್ಟೋ ಹೊತ್ತಿಗೆ ಮಳೆ ಹಿಡಿದ್ರೆ ಜ್ವಾಳ ಕಪ್ಪಾಗುತ್ತಲ್ಲ ಅದಕ್ಕೆ ಇದೂ ಒಂದು ಕಾರಣ ಅಂದ್ರು. ಅವ್ವ ತಟ್ಟನೆ "ಕಾಡಿಗೆ ರೋಗ ಅಲ್ಲಲ್ರೀ?" ಅಂದ್ಲು. ಅದಲ್ಲಮ್ಮ, ಕಾಳಿನ ಮ್ಯಾಲೆ ಬೂಸರು ಬರೋದು ಅಂದ್ರು. "ಹೌದ್ರಿ, ಈ ಸಲ ತೆನಿ ಎಲ್ಲಾ ಕಪ್ಪ ಆಗಿದ್ವು, ಮುಟ್ಟಿದ್ರ ಕೈಗೆ ಹತ್ತತಿತ್ತು" ಅಂತ ತನ್ನ ಬೆರಳನ್ನೇ ನೋಡ್ಕೊಂಡ್ಲು.

ಆರು ವಾರ ಡ್ರಾಪ್ಸ್ ನಡೀತು. ಕೀವು ಮೊದಲು ಹೋಯ್ತು, ಆಮೇಲೆ ಆ ಪುಕ್ಕದಂಥ ಅಂಚು ದುಂಡಗಾಯ್ತು, ಕೊನೆಗೆ ಹುಣ್ಣು ಮಾಗಿ ಬಿಳಿ ಕಲೆ ಉಳೀತು. ಔಷಧಕ್ಕೆ ಬಗ್ಗದೆ ಕಪ್ಪುಗುಡ್ಡೆ ಮೇಲಿನ ಆ ಗಾಜಿನಂಥ ಪದರ, ಅಂದ್ರೆ ಕಾರ್ನಿಯಾ, ತೂತು ಬಿದ್ದಿದ್ರೆ ಯಾರೋ ಸತ್ತ ಮೇಲೆ ದಾನ ಕೊಟ್ಟ ಕಾರ್ನಿಯಾ ಹಾಕೋ ಆಪರೇಷನ್ನೇ ದಾರಿ ಅಂತ ಮೇಡಂ ಮೊದಲೇ ಹೇಳಿದ್ರು, ಅದು ಬೇಕಾಗ್ಲಿಲ್ಲ.

ಅವ್ವ ಈಗಲೂ ದಿನಾ ಬೆಳಗ್ಗೆ ಎಡಗಣ್ಣು ಅಂಗೈಯಿಂದ ಮುಚ್ಕೊಂಡು ಕ್ಯಾಲೆಂಡರ್ ಮುಂದೆ ನಿಂತ್ಕೋತಾಳೆ. ಮೊದಲು ಗೋಡೆ, ಆಮೇಲೆ ಕ್ಯಾಲೆಂಡರ್ ಚೌಕ, ಸಂಕ್ರಾಂತಿ ಹೊತ್ತಿಗೆ ಕೆಂಪು ಅಂಕಿ. ಈಗ ತಾರೀಖು ಎಲ್ಲಾ ಓದ್ತಾಳೆ, ಅದರ ಕೆಳಗೆ ಸಣ್ಣಗಿರೋ ತಿಥಿ ನಕ್ಷತ್ರ ಮಾತ್ರ ಇನ್ನೂ ಕಾಣಲ್ಲ, ಅದನ್ನ ತಮ್ಮನ ಮಗಳು ಓದಿ ಹೇಳ್ತಾಳೆ.