ಸೂನಿಯನ್ ಯುವಕನಿಂದ ಪಾರ್ಥೆನಾನ್‌ವರೆಗೆ

ಅಥೆನ್ಸ್ ತಲುಪಿದವರು ಸಾಮಾನ್ಯವಾಗಿ ಮೊದಲು ಆಕ್ರೊಪೊಲಿಸ್ ಗುಡ್ಡ ಹತ್ತುತ್ತಾರೆ. ನಾವು ಅದನ್ನು ಕೊನೆಗೆ ಉಳಿಸಿಕೊಂಡು ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಸೂನಿಯನ್ ಭೂಶಿರದಲ್ಲಿ ಸಿಕ್ಕ ಕೂರೊಸ್ ನಿಂತಿದ್ದಾನೆ; ಪ್ರಾಚೀನ ಗ್ರೀಕರ ಇಂಥ ಯುವಕಮೂರ್ತಿಗಳಿಗೆ ಕೂರೊಸ್ ಎನ್ನುತ್ತಾರೆ. ಕ್ರಿ.ಪೂ. 600ರ ಸುಮಾರಿನ ಅಮೃತಶಿಲೆಯ ಬೆತ್ತಲೆ ಯುವಕ, ಎತ್ತರ ಮೂರು ಮೀಟರ್‌. ಎಡಗಾಲು ಮುಂದೆ, ಮುಷ್ಟಿ ಕಟ್ಟಿದ ಕೈಗಳು ತೊಡೆಗೆ ಒತ್ತಿಕೊಂಡಿವೆ. ಈ ನಿಲುವು ಈಜಿಪ್ಟಿನಿಂದ ಬಂದದ್ದು. ಆದರೆ ಅಲ್ಲಿನ ಶಿಲ್ಪಿಗಳು ಬೆನ್ನಿಗೆ ಆಸರೆಯಾಗಿ ಬಿಡುತ್ತಿದ್ದ ಕಲ್ಲನ್ನು ಗ್ರೀಕರು ಕೆತ್ತಿ ತೆಗೆದುಬಿಟ್ಟರು; ಯುವಕ ತನ್ನ ಕಾಲ ಮೇಲೆ ತಾನೇ ನಿಂತ. ಆದರೂ ಕಿವಿ ಒಂದು ಸುರುಳಿ ಅಲಂಕಾರ, ಹೊಟ್ಟೆಯ ಸ್ನಾಯುಗಳು ಬರೀ ಗೀರು. ಕಾಲು ಮುಂದಿಟ್ಟರೂ ಸೊಂಟ ಅಲುಗಿಲ್ಲ.

ಅದೇ ಸಂಗ್ರಹಾಲಯದಲ್ಲಿ, ಸುಮಾರು ಎಪ್ಪತ್ತು ವರ್ಷ ಈಚಿನ ಕ್ರೊಯ್ಸೊಸ್ ಇದ್ದಾನೆ. ಯುದ್ಧದ ಮುಂಚೂಣಿಯಲ್ಲಿ ಸತ್ತವನ ಸಮಾಧಿಯ ಮೂರ್ತಿ. ನಿಂತು ಅವನಿಗಾಗಿ ಶೋಕಿಸು ಎಂದು ಪೀಠದ ಬರಹ ದಾರಿಹೋಕರನ್ನು ಕೇಳುತ್ತದೆ. ನಾನು ನಿಂತೆ. ನಿಲುವು ಹಳೆಯದೇ, ಆದರೆ ತೊಡೆಯಲ್ಲಿ, ಕೆನ್ನೆಯಲ್ಲಿ ಮಾಂಸ ತುಂಬಿಕೊಂಡಿದೆ.

ಮರುದಿನ ಪ್ರಾಚೀನ ಕೊರಿಂಥ್. ಅಲ್ಲಿನ ಅಪೊಲೊ ದೇವಾಲಯ ಹೆಚ್ಚುಕಡಿಮೆ ಕ್ರೊಯ್ಸೊಸ್‌ನ ಕಾಲದ್ದು. 38 ಕಂಬಗಳಲ್ಲಿ ಈಗ ನಿಂತಿರುವುದು 7, ಒಂದೊಂದೂ ಏಕಶಿಲೆ. ಬಿಸಿಲಿನಲ್ಲಿ ಅವುಗಳ ಸುತ್ತ ಬಹಳ ಹೊತ್ತು ತಿರುಗಿದೆ. ಕಂಬದ ಎತ್ತರ ಬುಡದ ಅಗಲದ ನಾಲ್ಕು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಕಂಬದ ತಲೆಯ ಮೇಲೆ ಕೂರುವ ಬೋದಿಗೆಯ ಕಲ್ಲು, ಅಂಗೈಯಲ್ಲಿ ಒತ್ತಿದ ಹಿಟ್ಟಿನ ಉಂಡೆಯಂತೆ, ಸುತ್ತಲೂ ಉಬ್ಬಿಕೊಂಡಿದೆ. ಮೇಲಿನ ಭಾರ ಕಣ್ಣಿಗೇ ಕಾಣುತ್ತದೆ. ನನಗೆ ಈ ದಪ್ಪ ಕಂಬಗಳು ತುಂಬಾ ಇಷ್ಟವಾದವು.

ಆ ಯುವಕರನ್ನೂ ಈ ಕಂಬಗಳನ್ನೂ ನೋಡಿದ ಮೇಲೆ ಆಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಕ್ರಿಟಿಯೊಸ್ ಬಾಲಕನ ಎದುರು ಬಂದಾಗ ಮೈ ಜುಮ್ಮೆಂದಿತು. ಕ್ರಿ.ಪೂ. 480ರ ಆಸುಪಾಸಿನವನು, ಸಣ್ಣ ಮೂರ್ತಿ, ಪಾದಗಳಿಲ್ಲ, ಕೈಗಳೂ ಮುರಿದಿವೆ. ಆದರೆ ಮೈಭಾರವೆಲ್ಲ ಎಡಗಾಲಿನ ಮೇಲಿದೆ. ಬಲ ಮೊಣಕಾಲು ಸಡಿಲವಾಗಿ ಬಾಗಿದೆ. ಅಷ್ಟಕ್ಕೇ ಎಡ ಸೊಂಟ ಮೇಲೇರಿದೆ, ಬೆನ್ನುಮೂಳೆ ಸ್ವಲ್ಪ ಬಳುಕಿದೆ, ತಲೆ ಒಂದಿಷ್ಟು ಪಕ್ಕಕ್ಕೆ ಹೊರಳಿದೆ. ಕೂರೊಸ್‌ಗಳ ತುಟಿಯಲ್ಲಿದ್ದ ಆ ಒಂದೇ ಅಚ್ಚಿನ ನಗೆ ಇಲ್ಲಿಲ್ಲ. ಮುಖ ಗಂಭೀರ. ಸೂನಿಯನ್‌ನವನು ನಿಲ್ಲಿಸಿದಂತೆ ನಿಂತಿದ್ದ. ಈ ಹುಡುಗ ತಾನಾಗಿ ನಿಂತಿದ್ದಾನೆ. ನಡುವಿನ ಅಂತರ ಬರೀ 120 ವರ್ಷ! ಅವನ ಬೆನ್ನ ಹಿಂದೆ ಹೋಗಿ ನೋಡುವುದನ್ನು ಯಾರೂ ತಪ್ಪಿಸಬಾರದು, ಸೊಂಟದ ಓರೆ ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ಸಂಜೆ ಗುಡ್ಡ ಹತ್ತಿದೆವು. ಜನಸಂದಣಿ, ಕ್ರೇನು, ಸಾರುವೆಗಳ ಬಗ್ಗೆ ಹೇಳುವುದೇನಿದೆ. ಕ್ರಿ.ಪೂ. 447ರಲ್ಲಿ ಶುರುವಾದ, ಅಥೀನಾ ದೇವಿಯ ದೇವಾಲಯ ಪಾರ್ಥೆನಾನ್‌ನ ವಾಸ್ತುಶಿಲ್ಪಿಗಳು ಇಕ್ಟಿನೊಸ್ ಮತ್ತು ಕ್ಯಾಲಿಕ್ರಟೀಸ್, ಶಿಲ್ಪಗಳ ಹೊಣೆ ಫಿಡಿಯಾಸ್‌ನದು. ಕಂಬದ ಎತ್ತರ ಈಗ ಬುಡದ ಐದೂವರೆ ಪಟ್ಟು. ಬೋದಿಗೆಯ ಉಬ್ಬು ಇಳಿದು ಬಿಗಿಯಾಗಿದೆ. ಮೂಲೆಯಲ್ಲಿ ನಿಂತು ಮೆಟ್ಟಿಲಿನ ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿದರೆ ಅದು ನೇರವಾಗಿಲ್ಲ, ನಡುವೆ ಮೇಲೆದ್ದಿದೆ: ಸುಮಾರು 70 ಮೀಟರ್ ಉದ್ದದ ಬದಿಯಲ್ಲಿ 11 ಸೆಂಟಿಮೀಟರ್‌ನಷ್ಟು. ಕಂಬಗಳು ಒಳಕ್ಕೆ ತುಸು ವಾಲಿವೆ, ನಡುವೆ ತುಸು ತುಂಬಿಕೊಂಡಿವೆ, ಮೂಲೆಯವು ಉಳಿದವಕ್ಕಿಂತ ದಪ್ಪ. ಹೀಗಾಗಿ ಕಲ್ಲುಕಲ್ಲಿಗೂ ಬೇರೆಯೇ ಅಳತೆ, ಬೇರೆಯೇ ಓರೆ. ಅದೂ ಗಾರೆಯಿಲ್ಲದೆ ಕೂಡಿಸಿದ್ದು. ಕಣ್ಣಿನ ಭ್ರಮೆ ಸರಿಪಡಿಸಲು, ನೀರು ಹರಿಯಲು ಎಂದೆಲ್ಲ ಕಾರಣ ಕೊಡುತ್ತಾರೆ. ನನಗೆ ಅಲ್ಲಿ ನೆನಪಾದದ್ದು ಆ ಬಾಲಕನ ಸೊಂಟ. ಭಾರ ಹೊತ್ತ ಮೈ ಸೆಟೆದು ನಿಲ್ಲುವುದಿಲ್ಲ ಎಂಬುದನ್ನು ಮೂರ್ತಿಯಲ್ಲಿ ಕಂಡುಕೊಂಡವರ ಮಕ್ಕಳು ಮೊಮ್ಮಕ್ಕಳೇ ತಾನೇ ಈ ದೇವಾಲಯ ಕಟ್ಟಿದ್ದು?

ಅಥೆನ್ಸ್‌ನಲ್ಲಿ ನಿಮಗೆ ಒಂದೇ ದಿನ ಸಿಕ್ಕರೆ ಕೊರಿಂಥ್ ಬಿಡಬೇಕಾಗುತ್ತದೆ. ಆದರೆ ಬೆಳಿಗ್ಗೆ ಸೂನಿಯನ್ ಯುವಕನನ್ನು ನೋಡಿ, ಮಧ್ಯಾಹ್ನ ಬಾಲಕನನ್ನು ನೋಡಿ, ಆಮೇಲೇ ಗುಡ್ಡ ಹತ್ತಿ.