ದಾಳಿಂಬೆ ಕೆಂಪು, ಇಟ್ಟಿಗೆ ಕೆಂಪು

ವೈನಿಯ ಸೀರೆ ವ್ಯಾಪಾರಕ್ಕೆ ಬರುತ್ತಿದ್ದ ದೂರುಗಳಲ್ಲಿ ಒಂದು ವಿಶೇಷ ಇತ್ತು. ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಕೆಂಪು ಸೀರೆ ತರಿಸಿಕೊಂಡವರು "ಫೋಟೋದಾಗ ಇಟ್ಟಂಗಿ ಬಣ್ಣ ಇತ್ರಿ, ಬಂದದ್ದು ದಾಳಿಂಬ್ರಿ" ಅನ್ನುತ್ತಿದ್ದರು. ಇನ್ನೊಬ್ಬರು ಕೆನೆ ಬಣ್ಣ ಅಂದುಕೊಂಡು ತರಿಸಿದ್ದು ಅಚ್ಚ ಬಿಳಿ ಆಗಿತ್ತು. ಜೊತೆಗೆ, "ಫೋಟೋ ಒಂಚೂರು ಬೆಳಕಿನ್ಯಾಗ ತಗೀರಿ, ಮಬ್ಬು ಕಾಣ್ತಾವ" ಅನ್ನುವ ಸಲಹೆ ಅಂತೂ ವಾರಕ್ಕೊಮ್ಮೆ ಬರುತ್ತಿತ್ತು.

ವೈನಿ ಹುಬ್ಬಳ್ಳಿಯ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ನೇಕಾರರಿಂದ ನೇರವಾಗಿ ತರಿಸುತ್ತಾರೆ, ಫೋಟೋ ಹಾಕುತ್ತಾರೆ, ವಾಟ್ಸಾಪಿನಲ್ಲಿ ಆರ್ಡರ್ ಬಂದರೆ ಪಾರ್ಸೆಲ್ ಕಟ್ಟುತ್ತಾರೆ. ಗಿರಾಕಿಗಳು ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿದ್ದಾರೆ. ಫೋಟೋ ತೆಗೆಯುವುದು, ತಿದ್ದುವುದು ಎಲ್ಲ ಅಣ್ಣನ ಮಗನ ಕೆಲಸ. ಹುಡುಗ ಶ್ರದ್ಧೆಯವನು. ಮಂಚದ ಮೇಲೆ ಬಿಳಿ ಚಾದರ ಹಾಸಿ, ಅದರ ಮೇಲೆ ಸೀರೆ ಹರಡಿ, ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತಾನೆ. ಆಮೇಲೆ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕಂಪ್ಯೂಟರ್ ಮುಂದೆ ಕೂತು ಬಣ್ಣ ಹೊಂದಿಸುತ್ತಾನೆ. ಇದಕ್ಕಿಂತ ಪ್ರಾಮಾಣಿಕವಾಗಿ ಕೆಲಸ ಮಾಡುವುದು ಕಷ್ಟ.

"ಅವರವರ ಫೋನಿನ ಹಣೇಬರಹ, ನಾವೇನು ಮಾಡೋದೈತಿ" ಅಂತ ವೈನಿ ಬಿಟ್ಟುಬಿಟ್ಟಿದ್ದರು. ಈ ಮಾತು ನನಗೆ ಹೊಸದಲ್ಲ. ನಾನು ಧಾರವಾಡದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುವವನು. ನಮ್ಮ ಕಸುಬಿನಲ್ಲಿ ದಿನವೂ ಕೇಳಿಬರುವ ಸಮಾಧಾನ ಇದು. ಅರ್ಧ ನಿಜವೂ ಹೌದು. ಆದರೆ ಫೋನುಗಳದ್ದೇ ತಪ್ಪಾಗಿದ್ದರೆ ದೂರುಗಳು ದಿಕ್ಕಾಪಾಲಾಗಿ ಬರಬೇಕಿತ್ತಲ್ವಾ? ಒಬ್ಬರಿಗೆ ಹಳದಿ ಕಂಡರೆ ಮತ್ತೊಬ್ಬರಿಗೆ ನೀಲಿ ಕಾಣಬೇಕು. ಒಬ್ಬರಿಗೆ ಮಬ್ಬಾದರೆ ಇನ್ನೊಬ್ಬರಿಗೆ ಕಣ್ಣು ಕುಕ್ಕಬೇಕು. ಊರೆಲ್ಲ ಸೇರಿ ಒಂದೇ ಮಾತು ಹೇಳುತ್ತಿದೆ ಅಂದರೆ ತಪ್ಪು ಊರಿನದಲ್ಲ, ಫೋಟೋ ಹೊರಟ ಮನೆಯದು.

ಹೀಗಾಗಿ ಒಂದು ಭಾನುವಾರ ಗೆಳೆಯನೊಬ್ಬನಿಂದ ಕಲರಿಮೀಟರ್, ಅಂದರೆ ಪರದೆಯ ಬಣ್ಣ ಮತ್ತು ಹೊಳಪು ಅಳೆಯುವ ಸಾಧನ, ಎರವಲು ತಂದು ಹುಬ್ಬಳ್ಳಿಗೆ ಹೋದೆ.

ಮೊದಲು ಸಾಧನ ಹೊರಗೆ ತೆಗೆಯಲಿಲ್ಲ. ಇಟ್ಟಿಗೆ ಬಣ್ಣದ ದೂರು ಬಂದಿದ್ದ ಫೋಟೋ ತೆರೆಯಲು ಹೇಳಿದೆ. ಹುಡುಗನ ಪರದೆಯ ಮೇಲೆ ಚಾದರ ಹಾಲಿನಂತೆ ಬೆಳ್ಳಗಿತ್ತು, ಸೀರೆ ಅಚ್ಚುಕಟ್ಟಾಗಿ ದಾಳಿಂಬೆ ಕೆಂಪಿತ್ತು. ಫೋಟೋಶಾಪಿನಲ್ಲಿ ಒಂದು ಜಾಗದ ಬಣ್ಣವನ್ನು ಸಂಖ್ಯೆಯಾಗಿ ಓದುವ ಐಡ್ರಾಪರನ್ನು ಚಾದರದ ಮೇಲೆ ಇಟ್ಟು ಇನ್ಫೋ ಪ್ಯಾನೆಲ್ ನೋಡಿದೆ. ಅಲ್ಲಿನ ಲೆಕ್ಕ 0ಯಿಂದ 255ರವರೆಗೆ. ಕೆಂಪು 231, ಹಸಿರು 222, ನೀಲಿ 198. ಬಿಳಿ, ಬೂದು ಬಣ್ಣಗಳಲ್ಲಿ ಈ ಮೂರೂ ಸಂಖ್ಯೆ ಹೆಚ್ಚುಕಡಿಮೆ ಸಮ ಇರಬೇಕು. ಇಲ್ಲಿ ನೀಲಿ ಅಷ್ಟು ಕೆಳಗಿದೆ ಅಂದರೆ ಚಾದರ ಹಳದಿ. ಕಣ್ಣಿಗೆ ಬೆಳ್ಳಗೆ ಕಂಡರೂ ಫೈಲಿನಲ್ಲಿ ಹಳದಿ. ಈ ಸಂಖ್ಯೆಗಳಿಗೆ ಎದುರಿಗೆ ಯಾವ ಮಾನಿಟರ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಅವುಗಳನ್ನು ನಂಬಬಹುದು. ಫೋಟೋದಲ್ಲಿ ಕತ್ತಲೆಷ್ಟು ಬೆಳಕೆಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ಹಿಸ್ಟೋಗ್ರಾಮ್ ಕೂಡ ಇರಬೇಕಾದದ್ದಕ್ಕಿಂತ ಎಡಕ್ಕೆ ಸರಿದಿತ್ತು. ಬಿಳಿ ಚಾದರವೇ ಅರ್ಧ ತುಂಬಿದ ಫೋಟೋದಲ್ಲಿ ಅದು ಬಲತುದಿಯ ಹತ್ತಿರವೇ ದಪ್ಪಗಿರಬೇಕು.

ಇನ್ನು ಅಳೆಯುವುದು. ಮಾನಿಟರ್ ಹಚ್ಚಿ ಅರ್ಧ ಗಂಟೆಯಾದರೂ ಆಗಿರಬೇಕು, ಅದಕ್ಕೂ ಮುಂಚೆ ಬೆಳಕು ನೆಟ್ಟಗೆ ನಿಲ್ಲುವುದಿಲ್ಲ. ಪರದೆಯನ್ನು ಹಳದಿ ಮಾಡುವ ವಿಂಡೋಸಿನ ನೈಟ್ ಲೈಟ್ ಆಫ್ ಮಾಡಿದೆ. ಪರದೆಯ ಮೇಲೆ ನೇರವಾಗಿ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಕಿಟಕಿಯ ಪರದೆ ಎಳೆದೆ. ಕಲರಿಮೀಟರನ್ನು ಮಾನಿಟರಿನ ಮೇಲಿಂದ ಇಳಿಬಿಟ್ಟು ನಡುವೆ ಕೂರಿಸಿದೆ. ಸಾಫ್ಟ್‌ವೇರ್ ಡಿಸ್‌ಪ್ಲೇಕ್ಯಾಲ್, ಪುಕ್ಕಟೆ ಸಿಗುತ್ತದೆ.

ಮೊದಲ ಓದಿನಲ್ಲೇ ಕಥೆ ಮುಗಿಯಿತು. ಬಿಳಿಯ ಛಾಯೆ ಹೇಳುವ ಅಳತೆಯಲ್ಲಿ 8,900 ಕೆಲ್ವಿನ್, ಹೊಳಪಿನ ಅಳತೆಯಲ್ಲಿ 270 ನಿಟ್. ಫೋಟೋ ಕೆಲಸಕ್ಕೆ ಎಲ್ಲರೂ ಇಟ್ಟುಕೊಳ್ಳುವ ಗುರಿ 6,500 ಕೆಲ್ವಿನ್, ಸುಮಾರು 120 ನಿಟ್, ಜೊತೆಗೆ ಕಪ್ಪಿನಿಂದ ಬಿಳಿಗೆ ಬೆಳಕು ಏರುವ ಬಗೆಯನ್ನು ಹೇಳುವ ಗಾಮಾ 2.2. ಕೆಲ್ವಿನ್ ಲೆಕ್ಕ ಸ್ವಲ್ಪ ತಿರುಗಾಮುರುಗಾ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಹಾಗಾಗಿ ಆ ಪರದೆ ನೀಲಿಗೆ ತಿರುಗಿತ್ತು, ಬೇಕಾದದ್ದಕ್ಕಿಂತ ಎರಡು ಪಟ್ಟು ಹೆಚ್ಚು ಬೆಳಗುತ್ತಿತ್ತು. ಕೆಟ್ಟಿತ್ತು ಅಂತಲ್ಲ. ಮಾನಿಟರ್‌ಗಳು ಡಬ್ಬದಿಂದ ಬರುವುದೇ ಹೆಚ್ಚಾಗಿ ಹೀಗೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ಇಟ್ಟಾಗ ನೀಲಿ ಹೊಡೆಯುವ, ಜಾಸ್ತಿ ಹೊಳೆಯುವ ಪರದೆಯೇ ಗಿರಾಕಿಯ ಕಣ್ಣಿಗೆ ಮೊದಲು ಬೀಳುತ್ತದೆ.

ಅಂಥ ಪರದೆಯ ಮುಂದೆ ಕೂತ ಹುಡುಗ ಏನು ಮಾಡುತ್ತಾನೆ? ಫೋಟೋ ನೀಲಿಯಾಗಿ ಕಾಣುತ್ತದೆ, ಮಡಿಲಲ್ಲಿರುವ ಸೀರೆ ಬೆಚ್ಚಗಿನ ಕೆಂಪು. ಅದಕ್ಕೆ ಸರಿಹೊಂದುವ ತನಕ ಹಳದಿ ಸೇರಿಸುತ್ತಾನೆ. ಫೋಟೋ ಕಣ್ಣಿಗೆ ಚುಚ್ಚುತ್ತದೆ, ಅದಕ್ಕೆ ಕತ್ತಲು ಮಾಡುತ್ತಾನೆ. ಅವನು ಶ್ರದ್ಧೆಯಿಂದ ತಿದ್ದಿದಷ್ಟೂ ಫೈಲು ಹಳದಿಯಾಗುತ್ತದೆ, ಮಬ್ಬಾಗುತ್ತದೆ. ಬೇಕಾಬಿಟ್ಟಿ ಮಾಡುವವನಾಗಿದ್ದರೆ, ಕ್ಯಾಮೆರಾ ಕೊಟ್ಟ ಫೋಟೋವನ್ನು ಹಾಗೇ ಕಳಿಸಿದ್ದರೆ, ಇಷ್ಟು ದೂರು ಬರುತ್ತಲೇ ಇರಲಿಲ್ಲವೇನೋ!

ಮಾನಿಟರ್ ಮೆನುವಿನಲ್ಲಿ 'ಕೂಲ್' ಅಂತ ಇದ್ದದ್ದನ್ನು 'ಯೂಸರ್' ಮಾಡಿದೆ. ನೀಲಿ ತುಂಬಾ ಇಳಿಸಿದೆ, ಹಸಿರು ಚೂರು ಇಳಿಸಿದೆ, ಬ್ರೈಟ್‌ನೆಸ್ ಅಂತೂ ಅರ್ಧಕ್ಕಿಂತ ಕೆಳಗೆ ತಂದೆ. ಉಳಿದದ್ದು ಸಾಫ್ಟ್‌ವೇರ್ ಪಾಲು. ಅದು ಒಂದಾದ ಮೇಲೊಂದು ಬಣ್ಣದ ಚೌಕ ತೋರಿಸುತ್ತಾ ಅಳೆಯುತ್ತಾ ಹೋಗುತ್ತದೆ. ಅವ್ವ ಬಂದು ಸ್ವಲ್ಪ ಹೊತ್ತು ನೋಡಿ, "ಇದೇನು ಹೊಸಾ ಟಿವಿ ಚಾನೆಲ್ಲೇನು" ಅಂತ ಕೇಳಿ ಒಳಗೆ ಹೋದರು.

ಇದರಲ್ಲಿ ಎರಡು ಕೆಲಸ ಸೇರಿವೆ, ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಕ್ಯಾಲಿಬ್ರೇಶನ್ ಅಂದರೆ ಪರದೆಯನ್ನು ಗೊತ್ತಿರುವ ಒಂದು ಸ್ಥಿತಿಗೆ ತರುವುದು. ತಂದ ಮೇಲೂ ಒಂದಿಷ್ಟು ಓರೆಕೋರೆ ಉಳಿಯುತ್ತದೆ. ಅವುಗಳ ಪಟ್ಟಿಯೇ ಪ್ರೊಫೈಲ್. ಫೋಟೋಶಾಪಿನಂಥ ತಂತ್ರಾಂಶ ಆ ಪಟ್ಟಿ ಓದಿಕೊಂಡು ತಕ್ಕಂತೆ ಬಣ್ಣ ತಿದ್ದಿ ತೋರಿಸುತ್ತದೆ. ಬಣ್ಣದ ಗೊಡವೆಗೇ ಹೋಗದ ತಂತ್ರಾಂಶಗಳು ಆ ಪಟ್ಟಿಯನ್ನು ನೋಡುವುದೂ ಇಲ್ಲ. ಒಂದೇ ಫೋಟೋ ಒಂದೇ ಪರದೆಯಲ್ಲಿ ಎರಡು ಕಿಟಕಿಯಲ್ಲಿ ಎರಡು ಥರ ಕಂಡರೆ ಹೆಚ್ಚಾಗಿ ಕಾರಣ ಇದೇ.

ಮುಗಿದ ಕೂಡಲೇ ಹುಡುಗನ ಮುಖ ಬಾಡಿತು. "ಕಾಕಾ, ಸ್ಕ್ರೀನ್ ಕೆಟ್ಟು ಹೋತು. ಎಲ್ಲಾ ಹಳದಿ ಕಾಣ್ತೈತಿ." ಮೊದಲ ಸಲ ನೋಡಿದ ಎಲ್ಲರೂ ಹೀಗೇ ಅನ್ನುತ್ತಾರೆ. ತಿಂಗಳುಗಟ್ಟಲೆ ನೀಲಿ ಬಿಳಿಗೆ ಒಗ್ಗಿದ ಕಣ್ಣಿಗೆ ನಿಜವಾದ ಬಿಳಿ ಹಳದಿಯಾಗಿಯೇ ಕಾಣುತ್ತದೆ. ಚಹಾ ಕುಡಿದು ಬರೋಣ ನಡಿ ಅಂದೆ. ಚಹಾ, ಜೊತೆಗೆ ಚುರಮುರಿ ಆಗುವಷ್ಟರಲ್ಲಿ ವಾಪಸ್ ಬಂದು ಕೂತ. ಖಾಲಿ ಪುಟ ತೆರೆದು "ಈಗ ಬೆಳ್ಳಗೈತಿ" ಅಂದ.

ಆಮೇಲೆ ಹಳೆಯ ಫೋಟೋ ತೆರೆದೆವು. ಚಾದರ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಸೀರೆ ಸುಟ್ಟ ಇಟ್ಟಿಗೆ. ವೈನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಪುಣೆಯ ಗಿರಾಕಿ ನೋಡಿದ್ದು ಇದನ್ನೇ ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಅಯ್ಯ, ಆಕಿ ಖರೇನ ಹೇಳಿದ್ಲು. ನಾ ಆಕಿ ಕೂಡ ಜಗಳಾ ಮಾಡಿದ್ನೆಲ್ಲೋ" ಅಂದರು. ಹಳೇ ಫೋಟೋಗಳು ತಾವಾಗಿಯೇ ಸರಿಯಾಗುತ್ತವೆ ಅಂತ ಹುಡುಗ ಅಂದುಕೊಂಡಿದ್ದ. ಆಗುವುದಿಲ್ಲ. ಪರದೆ ಸರಿಯಾದರೆ ಫೈಲಿನ ಹಳದಿ ಕಾಣಲು ಶುರುವಾಗುತ್ತದೆ, ಅಷ್ಟೇ. ತಿದ್ದುವ ಕೆಲಸ ಬಾಕಿಯೇ.

ಒಂದು ಫೋಟೋವನ್ನು ಹೊಸದಾಗಿ ತಿದ್ದಿಸಿದೆ. ಎಸ್‌ಆರ್‌ಜಿಬಿಗೆ ತಂದು, ಫೈಲಿನ ಬಣ್ಣ ಯಾವ ಅಳತೆಯದು ಅನ್ನುವ ಗುರುತನ್ನೂ (ಇದಕ್ಕೂ ಪ್ರೊಫೈಲ್ ಅಂತಲೇ ಹೆಸರು) ಸೇರಿಸಿ ಸೇವ್ ಮಾಡಿಸಿದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಬಣ್ಣದ ಅಳತೆಯೇ ಎಸ್‌ಆರ್‌ಜಿಬಿ. ಹಳೆಯದಾದರೂ ಗೊತ್ತುಗುರಿಯಿಲ್ಲದ ಪರದೆಗಳಿಗೆ ಫೋಟೋ ಕಳಿಸುವಾಗ ಈಗಲೂ ಅದೇ ಭದ್ರ. ಹುಡುಗನ ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿತ್ತು. ಅದು ಇನ್ನೂ ಹೆಚ್ಚು ಬಣ್ಣ ಹಿಡಿಯುವ ಬೇರೊಂದು ಅಳತೆ. ಯಾವುದೋ ವಿಡಿಯೋ ನೋಡಿ 'ಬಣ್ಣ ಜಾಸ್ತಿ' ಅಂತ ಇಟ್ಟಿದ್ದನಂತೆ. ಆ ಗುರುತು ಉಳಿಸಿಕೊಳ್ಳದ ಕಡೆ ಅಂಥ ಫೋಟೋ ಬಣ್ಣಗೆಟ್ಟು ಕಾಣುತ್ತದೆ.

ಈಗ ಪರೀಕ್ಷೆ. ಮನೆಯಲ್ಲಿದ್ದ ಫೋನುಗಳನ್ನೆಲ್ಲ ಮಂಚದ ಮೇಲೆ ಸೀರೆಯ ಪಕ್ಕ ಸಾಲಾಗಿ ಇಟ್ಟೆವು. ಅಣ್ಣನದು ಬಣ್ಣವನ್ನು ಗಾಢ ಮಾಡಿ ತೋರಿಸುವ ವಿವಿಡ್ ಮೋಡಿನ ಅಮೋಲೆಡ್ ಪರದೆ, ಅದರಲ್ಲಿ ಕೆಂಪು ಉರಿಯುತ್ತಿತ್ತು. ಅವ್ವನ ಹಳೇ ಫೋನಿನಲ್ಲಿ ತುಸು ನೀಲಿ. ವೈನಿ ತಮ್ಮ ಫೋನಿನಲ್ಲಿ ಕಣ್ಣಿಗೆ ತಂಪೆಂದು ಐ ಕಂಫರ್ಟ್ ಹಾಕಿಕೊಂಡಿದ್ದರು, ಅದರಲ್ಲಿ ಎಲ್ಲವೂ ಹಳದಿ. ಒಂದೂ ಇನ್ನೊಂದರಂತೆ ಇರಲಿಲ್ಲ, ಒಂದೂ ಸೀರೆಯಂತೆಯೂ ಇರಲಿಲ್ಲ. ಆದರೆ ಸೀರೆಯ ಬಣ್ಣ ಅವುಗಳ ನಡುವೆ ಎಲ್ಲೋ ಇತ್ತು. ಹಳೆಯ ಫೋಟೋ ಹಾಕಿದರೆ ನೀಲಿ ಹೊಡೆಯುವ ಅವ್ವನ ಫೋನೂ ಸೇರಿ ಎಲ್ಲವೂ ಸೀರೆಯಿಂದ ಒಂದೇ ಬದಿಗೆ, ಇಟ್ಟಿಗೆಯ ಕಡೆಗೆ ಜಾರಿದ್ದವು. ನೋಡುವವರ ಪರದೆ ನಮ್ಮ ಕೈಯಲ್ಲಿಲ್ಲ. ಅವು ಆ ಕಡೆ ಈ ಕಡೆ ಚದುರಿರುತ್ತವೆ. ನಮ್ಮ ಪರದೆಯ ಓರೆ ಮಾತ್ರ ಪ್ರತಿ ಗಿರಾಕಿಗೂ ಹಂಚಿಕೆಯಾಗುತ್ತದೆ.

"ಮತ್ತ ಇದಕ್ಕ ಮುಂಚೆ ಮಂದಿ ಹೆಂಗ ನೋಡ್ತಿದ್ರು? ಅಂಗಡಿಯಿಂದ ಹೊರಗ ತಂದು ಬಿಸಿಲಿಗೆ ಹಿಡಿತಿದ್ವಿ" ಅಂದರು ವೈನಿ. ಸರಿಯಾದ ಮಾತು. ನಾವು ಗುರಿ ಇಟ್ಟುಕೊಳ್ಳುವ 6,500 ಕೆಲ್ವಿನ್ ಕೂಡ ಹಗಲು ಬೆಳಕಿನ ಲೆಕ್ಕವೇ.

ಇಷ್ಟಾದರೂ ಪೂರ್ತಿ ಗೆಲ್ಲಲಿಲ್ಲ. ನವಿಲು ಹಸಿರು ಸೀರೆ ಜಪ್ಪಯ್ಯ ಅಂದರೂ ಬರಲಿಲ್ಲ. ಅಂಥ ಗಾಢ ಹಸಿರು-ನೀಲಿಗಳಲ್ಲಿ ಕೆಲವು ಎಸ್‌ಆರ್‌ಜಿಬಿಯ ಬೇಲಿಯ ಆಚೆ ನಿಲ್ಲುತ್ತವೆ, ಹತ್ತಿರದ ಬಣ್ಣ ತೋರಿಸಿ ಸುಮ್ಮನಾಗಬೇಕು. ಹಾಸು-ಹೊಕ್ಕು ಬೇರೆ ಬೇರೆ ಬಣ್ಣದ ಸೀರೆಯಂತೂ ಮಗ್ಗುಲು ಬದಲಿಸಿದರೆ ಬಣ್ಣವೂ ಬದಲು, ಅದಕ್ಕೆ ಒಂದು ಫೋಟೋ ಸಾಲುವುದಿಲ್ಲ. ಈಗ ವೈನಿ ಅಂಥವಕ್ಕೆ ಮಹಡಿಯ ಬಿಸಿಲಲ್ಲಿ ಸೆರಗು ಅಲ್ಲಾಡಿಸಿ ಚಿಕ್ಕ ವಿಡಿಯೋ ಮಾಡುತ್ತಾರೆ. ಕೆಳಗೆ "ಫೋಟೋಕ್ಕಿಂತ ಹಸಿರು ಜಾಸ್ತಿ ಐತ್ರಿ" ಅಂತ ಬರೆಯುತ್ತಾರೆ.

ಹೊರಡುವ ಹೊತ್ತಿಗೆ ಅಣ್ಣ ತನ್ನ ಆಫೀಸಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಇದಕ್ಕೂ ಹಚ್ಚಿಬಿಡು, ಮಗ ಇದರಾಗೂ ಫೋಟೋ ಮಾಡ್ಲಿ." ಅಳೆದು ನೋಡಿದೆ. ಅಗ್ಗದ ಪ್ಯಾನೆಲ್, ಎಸ್‌ಆರ್‌ಜಿಬಿಯ ಮೂರನೇ ಎರಡು ಪಾಲಿನಷ್ಟು ಬಣ್ಣವನ್ನೂ ತೋರಿಸುತ್ತಿರಲಿಲ್ಲ. ತಲೆ ಚೂರು ಅಲ್ಲಾಡಿಸಿದರೂ ಕಪ್ಪು ಬೂದಾಗುತ್ತಿತ್ತು. ಪರದೆಯಲ್ಲೇ ಇಲ್ಲದ ಬಣ್ಣವನ್ನು ಯಾವ ಕ್ಯಾಲಿಬ್ರೇಶನ್ನೂ ತಂದುಕೊಡುವುದಿಲ್ಲ. ಪಾರ್ಸೆಲ್ಲಿನ ಲೆಕ್ಕ ಬರೆಯಲು ಇಟ್ಟುಕೊಳ್ಳಿ ಅಂತ ಹೇಳಿ ಸಾಧನ ಚೀಲಕ್ಕೆ ಹಾಕಿಕೊಂಡೆ.