ಜಾಗತಿಕ ಆರೋಗ್ಯ ಪಠ್ಯಕ್ರಮ: ಎರಡನೇ ಕರಡಿನ ಹಂತ

ಪದವಿ ತರಗತಿಗಳಿಗೆ ಜಾಗತಿಕ ಆರೋಗ್ಯವನ್ನು ಬಹುಶಿಸ್ತೀಯ ಐಚ್ಛಿಕ ವಿಷಯವಾಗಿ ರೂಪಿಸುವ ನಮ್ಮ ಕೆಲಸ ಈ ತಿಂಗಳು ಎರಡನೇ ಕರಡಿನವರೆಗೆ ಬಂದಿದೆ. ಪ್ರಾಣಿಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳು ಒಂದೊಂದು ಘಟಕವನ್ನು ಹಂಚಿಕೊಳ್ಳುವ ಮೊದಲ ಕರಡನ್ನು ಕೈಬಿಡಲಾಯಿತು. ಅದರಲ್ಲಿ ನಾಲ್ಕು ವಿಷಯಗಳು ಅಕ್ಕಪಕ್ಕ ಕುಳಿತಿದ್ದವೇ ಹೊರತು ಒಂದಕ್ಕೊಂದು ಮಾತನಾಡುತ್ತಿರಲಿಲ್ಲ. ಈಗ ಸೆಮಿಸ್ಟರ್‌ನ ಪೂರ್ವಾರ್ಧವನ್ನು ಒಂದೇ ರೋಗಕ್ಕೆ, ಕಾಡಿನ ಉಣುಗುಗಳು ಕಚ್ಚಿ ಹರಡುವ ನಮ್ಮ ಮಲೆನಾಡಿನ ಮಂಗನ ಕಾಯಿಲೆಗೆ, ಮೀಸಲಿಟ್ಟಿದ್ದೇವೆ.

ಇದು ಸ್ಥಳೀಯ ರೋಗವಲ್ಲವೇ, ಇದರಲ್ಲಿ ಜಾಗತಿಕವಾದದ್ದೇನು ಎಂಬ ಪ್ರಶ್ನೆ ಸಭೆಯಲ್ಲಿ ಬಂದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ, ಭಾರತದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇ ಬಂದಿತೇನೋ ಎಂಬ ಅನುಮಾನ ಮೂಡಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆಯುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಹೊಸ ವೈರಾಣುವನ್ನು ಪತ್ತೆಹಚ್ಚಿತು. ಅದಕ್ಕೆ ರಷ್ಯಾದ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿನೊಂದಿಗೆ ಹತ್ತಿರದ ಸಂಬಂಧವಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂದು ತಿಳಿಯಲು ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನವೇ ಆರಂಭವಾಯಿತು. ಇಷ್ಟನ್ನು ವಿವರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಮೊದಲ ಕ್ಷೇತ್ರಕಾರ್ಯದ ಪ್ರಶ್ನೆಯನ್ನು ಅಂತಿಮಗೊಳಿಸಿದ್ದೇವೆ. ಉಣುಗಿನ ಮರಿಗಳು ಹೆಚ್ಚುವ, ಚಳಿಗಾಲದಿಂದ ಬೇಸಿಗೆಯವರೆಗಿನ ಅವಧಿಯಲ್ಲೇ ಜನರು ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಬೇಕಾದ ತರಗೆಲೆಯನ್ನು ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ) ಗುಡಿಸಿ ತರುತ್ತಾರೆ. ಕಾಡಿಗೆ ಹೋಗುವ ಮುನ್ನ, ಉಣುಗು ಕಚ್ಚದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಹಾಗಿದ್ದರೆ ಒಂದು ಮನೆಯಿಂದ ಬೆಟ್ಟಕ್ಕೆ ಹೋಗುವವರು ಯಾರು, ತೈಲ ಹಚ್ಚದೆ ಹೋಗುವವರು ಏಕೆ ಹಾಗೆ ಮಾಡುತ್ತಾರೆ, ಒಬ್ಬರು ಹಾಸಿಗೆ ಹಿಡಿದರೆ ಆ ಮನೆ ಎಷ್ಟು ದಿನದ ಕೂಲಿಯನ್ನು ಕಳೆದುಕೊಳ್ಳುತ್ತದೆ? ಇದಕ್ಕೆ ಯಾವ ಒಂದು ವಿಭಾಗವೂ ತಾನಾಗಿ ಉತ್ತರಿಸಲಾರದು. ನನ್ನ ಮಟ್ಟಿಗೆ ಬಹುಶಿಸ್ತೀಯ ಪಠ್ಯದ ಪರೀಕ್ಷೆ ಇದೇ.

ಉತ್ತರಾರ್ಧಕ್ಕೆ 2014ರ ಪಶ್ಚಿಮ ಆಫ್ರಿಕಾದ ಎಬೋಲಾವನ್ನು ಆರಿಸಿದ್ದೇವೆ. ಶವವನ್ನು ಮುಟ್ಟುವುದರಿಂದಲೂ ರೋಗ ಹರಡುತ್ತಿದ್ದುದರಿಂದ, ಶವಸಂಸ್ಕಾರದ ಪದ್ಧತಿಗಳ ವಿಷಯದಲ್ಲಿ ವೈದ್ಯರಿಗೆ ಮಾನವಶಾಸ್ತ್ರಜ್ಞರ ನೆರವು ಬೇಕಾದದ್ದು ಅಲ್ಲಿನ ಮುಖ್ಯ ಪಾಠ.

ಉಳಿದಿರುವುದು ಮೌಲ್ಯಮಾಪನ. ಒಂದೇ ವರದಿಗೆ ಬೇರೆ ಬೇರೆ ವಿಭಾಗಗಳ ಇಬ್ಬರು ಅಂಕ ಕೊಡಬೇಕೆಂಬುದಕ್ಕೆ ಎಲ್ಲರ ಒಪ್ಪಿಗೆಯಿದೆ. ಆದರೆ ಇಬ್ಬರು ಅಧ್ಯಾಪಕರು ಒಟ್ಟಿಗೆ ತೆಗೆದುಕೊಳ್ಳುವ ತರಗತಿಯ ಕಾರ್ಯಭಾರವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು ಇತ್ಯರ್ಥವಾಗಿಲ್ಲ (ಬಹುಶಿಸ್ತೀಯತೆಯ ದೊಡ್ಡ ಎದುರಾಳಿ ವೇಳಾಪಟ್ಟಿಯೇ ಇರಬೇಕು). ಅಧ್ಯಯನ ಮಂಡಳಿಯ ಮುಂದಿನ ಸಭೆಗೆ ಅದನ್ನೇ ಮೊದಲ ವಿಷಯವಾಗಿ ಸೇರಿಸಿದ್ದೇವೆ.